ಅಜ್ಜಿ ಕೊಟ್ಟ ಟವೆಲ್ಲಿನ ಗುಲಾಬಿ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ಬೆಲಾರುಸ್ ದೇಶದ ಗ್ರೋದ್ನೊ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ, ನಾಲ್ಕನೇ ವರ್ಷ. ಹಾಸ್ಟೆಲ್ ಬಿಟ್ಟು ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ. ಈ ಸಲ ರಜೆಗೆ ಬಂದಾಗ ಆ ಅಜ್ಜಿ ಕೊಟ್ಟ ಉದ್ದನೆಯ ಕಸೂತಿ ಟವೆಲ್ ತಂದಿದ್ದಾಳೆ. ಬಿಳಿ ಬಟ್ಟೆ, ಎರಡೂ ತುದಿಗೆ ಕೆಂಪು-ಕಪ್ಪು ದಾರದ ಗುಲಾಬಿಗಳು. ಅಜ್ಜಿಯ ಮಾತು ಪೂರ್ತಿ ರಷ್ಯನ್ ಅಲ್ಲ, ಏನೋ ಬೆರಕೆ ಅಂತಾಳೆ. ಕ್ಲಾಸಿನಲ್ಲಿ ಕೇಳಿದರೆ ಒಬ್ಬ ಮೇಷ್ಟ್ರು ‘ಬೆಲರೂಸಿ ಅಂದರೆ ಹಳ್ಳಿ ರಷ್ಯನ್ ಅಷ್ಟೇ’ ಅಂದರಂತೆ. ಇತ್ತ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಟವೆಲ್ಲಿನ ಫೋಟೋ ಹಾಕಿದರೆ, ಅದರ ಒಂದೊಂದು ಗುರುತೂ ವೇದಕಾಲದ ಸಂಕೇತ, ಅವರ ಬೆಂಕಿ ಹಾರುವ ಹಬ್ಬ ನಮ್ಮದೇ ಎಂಬ ಲೇಖನ ಬಂತು. ಮಗಳಿಗೆ ಅಲ್ಲಿನ ಕತೆ, ಕವನಗಳನ್ನು ಕನ್ನಡಕ್ಕೆ ತರುವ ಆಸೆ. ರಷ್ಯನ್ ಚೆನ್ನಾಗಿ ಬರುತ್ತದೆ, ಅದು ಸಾಕಾ? ಜುಲೈನಲ್ಲಿ ಬೆಂಕಿ ಹಾರೋಕೂ ಹೋಗ್ತಾಳಂತೆ. ಇದೆಲ್ಲ ನಿಜವಾದ ಸಂಸ್ಕೃತಿಯೋ ಅಥವಾ ಟೂರಿಸ್ಟರಿಗೆ ಕಟ್ಟಿದ್ದೋ? ಕೊನೆಯದಾಗಿ, ಟವೆಲ್ ಮಡಿಕೆಯಲ್ಲಿ ಹಳದಿಯಾಗಿದೆ. ಒಗೆಯಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ದರೂ ಒಳಗಿರುವ ಅನುಮಾನ ಒಂದೇ ಅನಿಸಿತು. ಮಗಳು ಮನಸೋತಿರುವುದು ಅಸಲಿಗೋ, ಬೆರಕೆಗೋ? ಎರಡಕ್ಕೂ ಅನ್ನುವುದೇ ನನ್ನ ಉತ್ತರ. ಅಲ್ಲಿ ಅಸಲಿ ಅನ್ನಿಸಿಕೊಂಡದ್ದರಲ್ಲಿ ಬಹುಪಾಲು ಬೆರೆತು ಆದದ್ದೇ. ಅದಕ್ಕೆ ಯಾರೂ ನಾಚಿಕೆಪಡಬೇಕಾಗಿಲ್ಲ.

ನಾನು ಬಹಳ ವರ್ಷ ರಷ್ಯನ್ ಕಲಿಸಿದವನು. ಬೆಲರೂಸಿ ಕಲಿತದ್ದು ನಲವತ್ತು ದಾಟಿದ ಮೇಲೆ. ಅಲ್ಲಿವರೆಗೆ ನಾನೂ ಆ ಮೇಷ್ಟ್ರ ಹಾಗೇ ನಂಬಿದ್ದೆ. ನಂಬಿಕೆ ಮುರಿದದ್ದು ಒಂದು ಸಣ್ಣ ಕತೆಯಿಂದ. ಅದರಲ್ಲಿ ಒಬ್ಬ ತಾಯಿ ತನ್ನ ಅಳಿಯನನ್ನು ‘ಬ್ಲಾಹಿ’ ಅನ್ನುತ್ತಾಳೆ. ರಷ್ಯನ್‌ನಲ್ಲಿ ‘ಬ್ಲಗೋಯ್’ ಅಂದರೆ ಒಳ್ಳೆಯದು, ಶುಭ. ನಾನು ಧೈರ್ಯವಾಗಿ ‘ಒಳ್ಳೆಯವನು’ ಅಂತ ಬರೆದೆ. ಬೆಲರೂಸಿಯಲ್ಲಿ ಆ ಮಾತಿಗೆ ‘ಕೆಟ್ಟವನು’ ಎಂದು ಅರ್ಥ! ಮುಂದಿನ ಎರಡು ಪುಟದಲ್ಲಿ ಆ ಅತ್ತೆ ಯಾಕೆ ಅಳುತ್ತಾಳೆ ಅಂತ ತಲೆ ಕೆರೆದುಕೊಂಡಿದ್ದೇ ಬಂತು.

ಹಾಗಾಗಿ ಮೊದಲು ಭಾಷೆಯ ವಿಷಯ. ರಷ್ಯನ್, ಉಕ್ರೇನಿಯನ್, ಬೆಲರೂಸಿ ಮೂರೂ ಪೂರ್ವ ಸ್ಲಾವ್ ಕುಟುಂಬದ ಅಕ್ಕತಂಗಿಯರು. ಒಬ್ಬಳು ಇನ್ನೊಬ್ಬಳ ಮಗಳಲ್ಲ. ಬೆಲರೂಸಿಯ ಎಷ್ಟೋ ದಿನಬಳಕೆಯ ಶಬ್ದಗಳು ರಷ್ಯನ್ನಿಗಿಂತ ಉಕ್ರೇನಿಯನ್, ಪೋಲಿಶ್ ಕಡೆಗೆ ಹತ್ತಿರ. ‘ಧನ್ಯವಾದ’ಕ್ಕೆ ರಷ್ಯನ್ನರು ‘ಸ್ಪಸೀಬ’ ಅಂದರೆ ಇವರು ‘ದ್ಜ್ಯಾಕುಯ್’. ಬರವಣಿಗೆಯೂ ಬೇರೆ. ಹಾಲಿಗೆ ರಷ್ಯನ್ನರು ಬರೆಯುವುದು ‘ಮೊಲೊಕೊ’, ಓದುವುದು ‘ಮಲಕೋ’. ಬೆಲರೂಸಿಯಲ್ಲಿ ಬಾಯಲ್ಲಿ ಬಂದದ್ದೇ ಕಾಗದದ ಮೇಲೂ: ‘ಮಲಕೋ’. ರಷ್ಯನ್‌ನ ‘ಗ’ ಇಲ್ಲಿ ‘ಹ’ ಆಗುತ್ತದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದದ್ದು ಗೊತ್ತಿರುವ ನಮಗೆ ಇದೇನು ವಿಚಿತ್ರ ಅಲ್ಲ. ನಿಮ್ಮ ಮಗಳ ಗ್ರೋದ್ನೊ ಅಜ್ಜಿಯ ಬಾಯಲ್ಲಿ ‘ಹ್ರೋದ್ನಾ’. ರಷ್ಯನ್‌ನಲ್ಲಿ ಇಲ್ಲದ ಒಂದು ಅಕ್ಷರವೂ ಇವರಿಗಿದೆ. ‘ಉ’ಗೂ ‘ವ’ಗೂ ನಡುವಿನ ಒಂದು ಗಿಡ್ಡ ಸ್ವರ. ಪೋಲತ್ಸ್ಕ್ ಊರಿನಲ್ಲಿ 2003ರಲ್ಲಿ ಆ ಒಂದು ಅಕ್ಷರಕ್ಕೇ ಸ್ಮಾರಕ ನಿಲ್ಲಿಸಿದ್ದಾರೆ. ಅಕ್ಷರಕ್ಕೆ ಕಲ್ಲು ನಿಲ್ಲಿಸುವ ಜನರ ನುಡಿಯನ್ನು ಉಪಭಾಷೆ ಅಂತ ತಳ್ಳಿಹಾಕುವುದು ಕಷ್ಟ, ಅಲ್ವಾ?

ಹಾಗಾದರೆ ‘ಹಳ್ಳಿ ರಷ್ಯನ್’ ಎಂಬ ಮಾತು ಹುಟ್ಟಿದ್ದು ಹೇಗೆ? ಬೆಲಾರುಸ್ ನಕ್ಷೆಯಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು, ಜನ ಮಾತ್ರ ಬೆಂಗಳೂರಿಗಿಂತ ಕಡಿಮೆ. ಮೊದಲು ಈ ನೆಲ ಲಿಥುವೇನಿಯಾ ಮಹಾಸಂಸ್ಥಾನದ ಭಾಗವಾಗಿತ್ತು. ಅಲ್ಲಿನ ಕಾಯ್ದೆ ಸಂಹಿತೆಗಳು, 1529, 1566, 1588ರ ಮೂರೂ, ಬರೆದದ್ದು ಈ ನೆಲದ ಹಳೆಯ ಸ್ಲಾವ್ ನುಡಿಯಲ್ಲಿ. ಬೆಲರೂಸಿಗಳು ಅದನ್ನು ಹಳೆ ಬೆಲರೂಸಿ ಅಂತ ಕರೆಯುತ್ತಾರೆ, ಉಕ್ರೇನಿಯನ್ನರೂ ಅದರಲ್ಲಿ ಪಾಲು ಕೇಳುತ್ತಾರೆ. ಕೋರ್ಟಿನ ಗುಮಾಸ್ತ ಕಾಗದಗಳನ್ನು ಇದೇ ಭಾಷೆಯಲ್ಲಿ ಬರೆಯಬೇಕು ಅಂತ 1588ರ ಸಂಹಿತೆಯೇ ಹೇಳುತ್ತದೆ. ಆಮೇಲೆ, ಈ ಸಂಸ್ಥಾನ ಪೋಲೆಂಡ್ ಜೊತೆ ಒಂದೇ ರಾಜ್ಯವಾಗಿದ್ದಾಗ, 1690ರ ದಶಕದಲ್ಲಿ ಕಚೇರಿಗೆ ಪೋಲಿಶ್ ಬಂತು. 1772, 1793, 1795ರಲ್ಲಿ ಪೋಲೆಂಡ್ ಹಂಚಿಹೋದಾಗ ನೆಲ ರಷ್ಯಾ ಚಕ್ರವರ್ತಿಯ ಕೈಸೇರಿತು, ಕಚೇರಿಗೆ ರಷ್ಯನ್ ಬಂತು. ಯಜಮಾನರು ಪೋಲಿಶ್ ಆಡಿದರು, ಅಧಿಕಾರಿಗಳು ರಷ್ಯನ್ ಆಡಿದರು, ಹೊಲದಲ್ಲಿದ್ದವರ ಬಾಯಲ್ಲಿ ಬೆಲರೂಸಿ ಉಳಿಯಿತು. ಅವರನ್ನು ‘ನೀವು ಯಾರು’ ಅಂತ ಕೇಳಿದರೆ ‘ತುತೇಯ್ಶಿಯಾ’ ಅನ್ನುತ್ತಿದ್ದರು. ಅಂದರೆ ‘ಇಲ್ಲಿಯವರು’. ಮೊದಲ ಮಹಾಯುದ್ಧದ ನಂತರ ಈ ನೆಲದ ಪಡುವಣ ಭಾಗ ಮತ್ತೆ ಹುಟ್ಟಿದ ಪೋಲೆಂಡಿನಲ್ಲಿತ್ತು. ಆ ಪೋಲೆಂಡ್ 1931ರಲ್ಲಿ ಜನಗಣತಿ ಮಾಡಿದಾಗ ಪೊಲೇಸ್ಯೆ ಪ್ರಾಂತದಲ್ಲಿ 7 ಲಕ್ಷಕ್ಕೂ ಜಾಸ್ತಿ ಜನರ ಮಾತೃಭಾಷೆಯ ಕಾಲಂನಲ್ಲಿ ‘ಇಲ್ಲಿಯದು’ ಅಂತಲೇ ದಾಖಲಾಯಿತು.

ಆ ಹಳ್ಳಿ ಮಾತಿನಲ್ಲಿ ಕವಿತೆ ಬರೆಯಬಹುದು ಅಂತ ತೋರಿಸಿದವರಲ್ಲಿ ಫ್ರಾಂತ್ಸಿಶಕ್ ಬಹುಶೇವಿಚ್ ದೊಡ್ಡವನು. 1891ರಲ್ಲಿ ಅವನ ಪುಸ್ತಕ ಗಡಿಯಾಚೆ ಕ್ರಾಕೋವ್‌ನಲ್ಲಿ, ಸುಳ್ಳು ಹೆಸರಿನಲ್ಲಿ ಅಚ್ಚಾಯಿತು. ಮುನ್ನುಡಿಯಲ್ಲಿ ಅವನು ಹೇಳಿದ್ದು ಇಷ್ಟು: ನಮ್ಮ ಬೆಲರೂಸಿ ಮಾತನ್ನು ಬಿಡಬೇಡಿ, ಬಿಟ್ಟರೆ ಸತ್ತೀರಿ. 1906ರಲ್ಲಿ ವಿಲ್ನಿಯಸ್‌ನಿಂದ ‘ನಾಶಾ ನೀವಾ’ ಪತ್ರಿಕೆ ಶುರುವಾಯಿತು. ಹೆಸರಿನ ಅರ್ಥ ‘ನಮ್ಮ ಹೊಲ’. 1882ರಲ್ಲಿ ಹುಟ್ಟಿದ ಇಬ್ಬರು ಹುಡುಗರು, ಯಾಂಕಾ ಕುಪಾಲಾ ಮತ್ತು ಯಾಕುಬ್ ಕೋಲಾಸ್, ಅಲ್ಲಿ ಬರೆದೇ ಬೆಳೆದರು. ಎರಡೂ ಕಾವ್ಯನಾಮ. ಕುಪಾಲಾ ಅನ್ನುವುದು ನಿಮ್ಮ ಮಗಳು ಹಾರಲಿರುವ ಆ ಬೆಂಕಿ ಹಬ್ಬದ ಹೆಸರು. ಕವಿ ಹುಟ್ಟಿದ್ದು ಆ ಹಬ್ಬದ ಹೊತ್ತಿಗೆ. ಕೋಲಾಸ್ ಅಂದರೆ ತೆನೆ.

1920ರ ದಶಕದಲ್ಲಿ ಸೋವಿಯತ್ ಬೆಲಾರುಸ್‌ಗೆ ನಾಲ್ಕು ಅಧಿಕೃತ ಭಾಷೆ ಇದ್ದವು: ಬೆಲರೂಸಿ, ರಷ್ಯನ್, ಪೋಲಿಶ್, ಮತ್ತೆ ಅಲ್ಲಿನ ಯಹೂದಿಗಳ ನುಡಿ ಯಿದ್ದಿಶ್. ಶಾಲೆ, ನಾಟಕ, ಪತ್ರಿಕೆ ಎಲ್ಲ ಅರಳಿದ ಹತ್ತು ವರ್ಷ ಅದು. ಆಮೇಲೆ ಸ್ಟಾಲಿನ್‌ನ ಗುಪ್ತ ಪೊಲೀಸರು 1937ರ ಅಕ್ಟೋಬರ್ 29ರ ರಾತ್ರಿ ರಾಜಧಾನಿ ಮಿನ್ಸ್ಕ್‌ನ ಜೈಲಿನಲ್ಲಿ ನೂರಕ್ಕೂ ಹೆಚ್ಚು ವಿದ್ಯಾವಂತರನ್ನು ಗುಂಡಿಟ್ಟು ಕೊಂದರು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಬರಹಗಾರರು. ಬೆಲರೂಸಿಯ ಮಿಖಾಸ್ ಚಾರೋತ್ ಅವರಲ್ಲೊಬ್ಬ, ಯಿದ್ದಿಶ್‌ನ ಮೋಯ್ಶೆ ಕುಲ್ಬಾಕ್ ಇನ್ನೊಬ್ಬ. ಒಂದು ಭಾಷೆಯ ಓದು-ಬರಹ ಬಲ್ಲ ತಲೆಮಾರನ್ನೇ ಹೀಗೆ ತೆಗೆದುಬಿಟ್ಟ ಮೇಲೆ ಅದು ಹಳ್ಳಿಯಲ್ಲಿ ಮಾತ್ರ ಉಳಿದಿದೆ ಅಂತ ಮೂಗು ಮುರಿಯುವುದು ನ್ಯಾಯವಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನೊಂದು ಕತೆ. ಮಿನ್ಸ್ಕ್‌ನ ಟ್ರ್ಯಾಕ್ಟರ್ ಕಾರ್ಖಾನೆಯಂಥ ಕಡೆಗಳಿಗೆ ಹಳ್ಳಿಗಳಿಂದ ಜನ ಬಂದರು. ಮೇಲಧಿಕಾರಿಯ ಮಾತು ರಷ್ಯನ್, ಅರ್ಜಿ ರಷ್ಯನ್, ಮಗುವಿನ ಶಾಲೆ ರಷ್ಯನ್. ಊರಮಾತು ಬಾಯಿಗೆ ಬಂದರೆ ಸುತ್ತಲಿನವರು ನಕ್ಕರು. ಹೀಗೆ ರಷ್ಯನ್ ಶಬ್ದವನ್ನು ಬೆಲರೂಸಿ ನಾಲಿಗೆಯಲ್ಲಿ ಹೊರಳಿಸಿ ಆಡುವ ಒಂದು ನುಡಿ ಹುಟ್ಟಿತು. ಅದರ ಹೆಸರು ‘ತ್ರಸ್ಯಾಂಕಾ’. ಮೂಲದಲ್ಲಿ ಅದು ದನದ ಮೇವಿನ ಮಾತು: ಒಳ್ಳೆ ಹುಲ್ಲು ಸಾಲದಿದ್ದಾಗ ಒಣಕಡ್ಡಿ ಬೆರೆಸಿ ಕೊಡವಿ ಹಾಕುವ ಮೇವು. ನಿಮ್ಮ ಮಗಳ ಅಜ್ಜಿ ಆಡುವುದು ಬಹುಶಃ ಇದನ್ನೇ. ಯಾರೋ ತಮಾಷೆಗೆ ಕೊಟ್ಟ ಹೆಸರು, ಆದರೆ ಅದನ್ನು ಆಡುವವರು ತಪ್ಪು ಮಾಡುತ್ತಿಲ್ಲ. ಎರಡು ಮೇವಿನಲ್ಲಿ ಬದುಕು ನಡೆಸಿದವರು ಅವರು. ಮಗಳು ಮುಂದೆ ಹಳ್ಳಿ ಕಡೆಯ ರೋಗಿಗಳನ್ನು ನೋಡುವಾಗ ಕಿವಿಗೆ ಬೀಳುವುದೂ ಇದೇ ಮಾತು.

ಈಗಿನ ಸ್ಥಿತಿ: 1990ರ ಕಾಯ್ದೆಯಲ್ಲಿ ಬೆಲರೂಸಿ ಒಂದೇ ರಾಜ್ಯಭಾಷೆ ಆಗಿತ್ತು. 1995ರ ಜನಮತದ ನಂತರ ರಷ್ಯನ್ನಿಗೂ ಸಮಾನ ಸ್ಥಾನ ಬಂತು. ‘ಸಮಾನ’ ಅನ್ನುವುದು ಕಾಗದದ ಮೇಲೆ. 2019ರ ಜನಗಣತಿಯಲ್ಲಿ ಸುಮಾರು ಶೇ. 54 ಜನ ಬೆಲರೂಸಿಯನ್ನು ತಾಯ್ನುಡಿ ಅಂದರು, ಮನೆಯಲ್ಲಿ ಆಡುತ್ತೇವೆ ಅಂದವರು ಸುಮಾರು ಶೇ. 26. ಈ ಎರಡು ಅಂಕಿಗಳ ನಡುವಿನ ಕಂದಕದಲ್ಲೇ ಆ ದೇಶದ ಸಾಹಿತ್ಯ ಕೂತಿದೆ. ಬಾಯಲ್ಲಿ ಬರದಿದ್ದರೂ ನಮ್ಮದು ಅನ್ನುವವರು ಅಷ್ಟು ಜನ ಇದ್ದಾರೆ.

ಇನ್ನು ಟವೆಲ್ಲಿಗೆ ಬರೋಣ, ನನಗೆ ಇಷ್ಟವಾದ ಭಾಗ. ಅದನ್ನು ‘ರುಚ್ನೀಕ್’ ಅನ್ನುತ್ತಾರೆ. ‘ರುಕಾ’ ಅಂದರೆ ಕೈ. ಹೆಸರು ಕೈವಸ್ತ್ರದ್ದಾದರೂ ಇಂಥ ಕಸೂತಿಯದರಲ್ಲಿ ಯಾರೂ ಕೈ ಒರೆಸುವುದಿಲ್ಲ. ಮಗು ಹುಟ್ಟಿದರೆ, ಮದುವೆಯಾದರೆ, ಯಾರಾದರೂ ಸತ್ತರೆ ಅದು ಬೇಕು. ಅತಿಥಿ ಬಂದರೆ ಅದರ ಮೇಲೆ ರೊಟ್ಟಿ, ಉಪ್ಪು ಇಟ್ಟು ಎದುರುಗೊಳ್ಳುತ್ತಾರೆ. ಮನೆಯ ದೇವರಮೂಲೆಯಲ್ಲಿ ಪಟಗಳಿಗೆ ಹೊದಿಸುತ್ತಾರೆ. ಬಟ್ಟೆ ಅಗಸೆ ನಾರಿನದು, ಅಂದರೆ ಲಿನನ್. ಅಗಸೆ ಅವರ ಬದುಕಿನಲ್ಲಿ ಎಷ್ಟು ಹೊಕ್ಕಿದೆ ಅಂದರೆ ಅಕ್ಟೋಬರ್ ತಿಂಗಳ ಹೆಸರೇ ‘ಕಸ್ತ್ರೀಚ್ನಿಕ್’. ಅಗಸೆ ಕಡ್ಡಿಯನ್ನು ಬಡಿದಾಗ ಉದುರುವ ಹೊಟ್ಟಿಗೆ ‘ಕಸ್ತ್ರಾ’ ಅನ್ನುತ್ತಾರೆ, ಆ ಹೊಟ್ಟು ಹಾರುವ ತಿಂಗಳು ಇದು. ರಷ್ಯನ್‌ನಲ್ಲಿ ಆ ತಿಂಗಳು ಬರೀ ‘ಒಕ್ತ್ಯಾಬ್ರ್’.

ಎಲ್ಲಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ‘ಅಬಿದ್ಜೋನ್ನಿಕ್’ ಎಂಬ ರುಚ್ನೀಕ್. ಹೆಸರಿನಲ್ಲೇ ‘ದಿನ’ ಇದೆ. ಊರಿಗೆ ಸಾಂಕ್ರಾಮಿಕ ರೋಗ ಬಂದರೆ, ಬರ ಬಿದ್ದರೆ, ಯುದ್ಧ ಬಂದರೆ ಊರ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರುತ್ತಿದ್ದರು. ಒಂದೇ ಹಗಲು ಅಥವಾ ಒಂದೇ ರಾತ್ರಿಯಲ್ಲಿ ನೂಲು ತೆಗೆದು, ಮಗ್ಗಕ್ಕೆ ಏರಿಸಿ, ನೇಯ್ದು ಮುಗಿಸಬೇಕು. ಆಮೇಲೆ ಅದನ್ನು ಊರಬಾಗಿಲ ಶಿಲುಬೆಗೆ ಕಟ್ಟುವುದು. ಅದರಲ್ಲಿ ಹೂವಿಲ್ಲ, ಬಣ್ಣವಿಲ್ಲ. ಅಷ್ಟೊಂದು ಕೈ ಒಟ್ಟಿಗೆ ಓಡಿದ್ದೇ ಅದರ ಕಸೂತಿ.

ಹಾಗಾದರೆ ನಿಮ್ಮ ಮನೆಯ ಗುಲಾಬಿ? ಹೇಳಿದರೆ ವಾಟ್ಸಾಪ್ ಗುಂಪಿನವರು ಬೇಜಾರಾಗಬಹುದು. ಕೆಂಪು-ಕಪ್ಪು ದಾರದ ಅಡ್ಡಹೊಲಿಗೆ ಗುಲಾಬಿ ಆ ಕಡೆಯ ಹಳ್ಳಿಗಳಿಗೆ ಮುಖ್ಯವಾಗಿ ಬಂದದ್ದು 19ನೇ ಶತಮಾನದ ಕೊನೆಯಲ್ಲಿ, ಅಚ್ಚಾದ ಮಾದರಿ ಹಾಳೆಗಳಿಂದ. ಮಾಸ್ಕೋದ ಬ್ರೊಕಾರ್ ಎಂಬ ಸೋಪು ಕಂಪನಿ ಅಗ್ಗದ ಸೋಪಿನ ಜೊತೆ ಇಂಥ ಕಸೂತಿ ಮಾದರಿಗಳನ್ನು ಪುಕ್ಕಟೆ ಹಂಚುತ್ತಿತ್ತು. ಹಾಗಾಗಿ ಈ ಶೈಲಿಗೆ ‘ಬ್ರೊಕಾರ್ ಕಸೂತಿ’ ಅಂತಲೇ ಅಡ್ಡಹೆಸರಿದೆ. ನಿಮ್ಮ ರುಚ್ನೀಕ್ ಫೋಟೋ ನಾನು ನೋಡಿಲ್ಲ. ನೀವು ಹೇಳಿದ ಬಣ್ಣ, ಹೂವು ಆ ಪೈಕಿಯವೇ. ಹಾಗಂತ ಅದು ನಕಲಿ ಅಂತ ತಿಳಿಯಬೇಡಿ. ಸೋಪಿನ ಹೊದಿಕೆಯಿಂದ ಇಳಿದ ಗುಲಾಬಿಯನ್ನು ಅಜ್ಜಿಯ ಅಜ್ಜಿ ತನ್ನ ಅಳತೆಗೆ ಹಿಗ್ಗಿಸಿ, ಪಕ್ಕದ ಮನೆಯವಳು ಒಂದು ಮೊಗ್ಗು ಸೇರಿಸಿ, ನಾಲ್ಕು ತಲೆಮಾರು ಮದುವೆಗಳಲ್ಲಿ ಹಾಸಿದ ಮೇಲೆ ಅದು ಆ ಊರಿನದೇ.

ಹಳೆಯ ವಿನ್ಯಾಸ ಬೇಕೆಂದರೆ ಕಸೂತಿಯಲ್ಲಿ ಅಲ್ಲ, ನೇಯ್ಗೆಯಲ್ಲಿ ಹುಡುಕಬೇಕು. ಹೋಮೆಲ್ ಕಡೆಯ ನೇಗ್ಲ್ಯುಬ್ಕಾ ಎಂಬ ಹಳ್ಳಿಯ ರುಚ್ನೀಕ್‌ಗಳು ಇದಕ್ಕೆ ಹೆಸರುವಾಸಿ. ಅವುಗಳ ತುಂಬ ವಜ್ರಾಕಾರಗಳು. ಇದನ್ನೇ ಭೂಮಿತಾಯಿ, ಬಿತ್ತಿದ ಹೊಲ, ಸೂರ್ಯ ಅಂತ ಒಂದೊಂದು ಗುರುತಿಗೂ ಅರ್ಥ ಕೊಡುವ ಪಟ್ಟಿಗಳು ಓಡಾಡುತ್ತಿವೆ. ಎಳೆ ಎಣಿಸಿ ನೇಯುವಾಗ ದುಂಡಗಿನ ಗೆರೆ ಬರೋದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಓರೆಗೆರೆ ಬರುತ್ತದೆ. ನಾಲ್ಕು ಓರೆಗೆರೆ ಸೇರಿದರೆ ವಜ್ರ. ಮಗ್ಗ ಇರುವ ಕಡೆಯೆಲ್ಲ, ನಮ್ಮಲ್ಲೂ, ಈ ಆಕಾರ ಇದೆ. ನೇಯುವ ಹೆಂಗಸರನ್ನು ಕೇಳಿದರೆ ಕೊಕ್ಕೆ, ಜೇಡ, ಎಲೆ ಅಂತ ದಿನದ ಹೆಸರು ಹೇಳುತ್ತಾರೆ. ದೇವತೆಗಳ ಹೆಸರು ಬಹುಪಾಲು ಬಂದದ್ದು 20ನೇ ಶತಮಾನದ ಪುಸ್ತಕಗಳಿಂದ. ಹಾಗಂತ ಅರ್ಥವೇ ಇಲ್ಲ ಅಂತಲ್ಲ. ಸೆನ್ನೊ ಪ್ರದೇಶದ ಹಳ್ಳಿಯ ಮತ್ರೋನಾ ಮಾರ್ಕೇವಿಚ್ 1917ರಲ್ಲಿ ನೇಯ್ದ ವಿನ್ಯಾಸವನ್ನು ‘ಮೂಡುವ ಸೂರ್ಯ’ ಅನ್ನುತ್ತಾರೆ. 1951ರಲ್ಲಿ ಅದು ಸೋವಿಯತ್ ಬೆಲಾರುಸ್‌ನ ಬಾವುಟಕ್ಕೆ ಏರಿತು. ಈಗಿನ ಬಾವುಟದ ಎಡಅಂಚಿನಲ್ಲಿ ಕಾಣುವುದೂ ಅದರದೇ ರೂಪ. ಹಳ್ಳಿ ಹೆಂಗಸಿನ ನೇಯ್ಗೆ ದೇಶದ ಬಾವುಟದಲ್ಲಿ ಹಾರುವುದು ಬೇರೆಲ್ಲೂ ನಾನು ಕಂಡಿಲ್ಲ.

ವೇದಕಾಲದ ಸಂಬಂಧ ಅನ್ನುವುದರಲ್ಲಿ ಒಂದು ಚಿಟಿಕೆ ನಿಜ ಇದೆ. ಬೆಲರೂಸಿಯೂ ಸಂಸ್ಕೃತವೂ ದೂರದ ಒಂದೇ ಮೂಲದಿಂದ ಬಂದವು. ಅಲ್ಲಿ ಬೆಂಕಿ ‘ಅಹೋನ್’, ಜೇನು ‘ಮ್ಯೋದ್’, ಚಳಿಗಾಲ ‘ಜಿಮಾ’, ತಿಳಿಯುವುದು ‘ವೇದತ್ಸ್’. ನಮ್ಮ ಅಗ್ನಿ, ಮಧು, ಹಿಮ, ವೇದ ನೆನಪಾಗುವುದು ಸಹಜ. ಆದರೆ ಇವು ಕನ್ನಡಕ್ಕೆ ಸಂಸ್ಕೃತದಿಂದ ಬಂದ ಮಾತುಗಳು. ಇದರಿಂದ ಒಂದು ಹಬ್ಬ ಇನ್ನೊಂದರಿಂದ ಹುಟ್ಟಿತು ಅಂತ ಆಗೋದಿಲ್ಲ. ಹಿರಿಯರ ಹಬ್ಬ ‘ದ್ಜ್ಯದೀ’ಯ ವಿಷಯದಲ್ಲೂ ಹೀಗೇ ಹೇಳುತ್ತಾರೆ. ಶರತ್ಕಾಲದಲ್ಲಿ ಸತ್ತವರನ್ನು ಹೆಸರಿಟ್ಟು ಕರೆದು, ಊಟದಲ್ಲಿ ಅವರ ಪಾಲು ಎತ್ತಿಡುವುದು ಅದು. ಪಿತೃಪಕ್ಷ ಕಂಡವರಿಗೆ ಗಂಟಲು ಕಟ್ಟುವ ಹಾಗಿರುತ್ತದೆ. ಅದನ್ನು ಹಾಗೇ ಅನುಭವಿಸಲಿ. ‘ಇದು ನಮ್ಮದೇ’ ಅಂತ ಅಜ್ಜಿಗೆ ಹೇಳಲು ಹೋಗುವುದು ಮಾತ್ರ ಬೇಡ.

ಕುಪಾಲ್ಯೆ ಹಬ್ಬ ಜುಲೈ 6ರ ರಾತ್ರಿ. ಕ್ಯಾಥೊಲಿಕ್ ಮನೆಗಳಲ್ಲಿ ಜೂನ್ 23ಕ್ಕೇ ಆಗಿಬಿಡುತ್ತದೆ. ಗ್ರೋದ್ನೊ ಕಡೆ ಕ್ಯಾಥೊಲಿಕರು ಜಾಸ್ತಿ, ವಿಚಾರಿಸಿಕೊಳ್ಳಲಿ. ‘ಕುಪಾತ್ಸ್’ ಅಂದರೆ ಸ್ನಾನ ಮಾಡಿಸುವುದು. ಕ್ರೈಸ್ತರ ಸಂತ ಸ್ನಾನಿಕ ಯೋಹಾನನ ದಿನ, ಹಳೆಯ ಬೇಸಿಗೆ ಹಬ್ಬ ಎರಡೂ ಇಲ್ಲಿ ಸೇರಿಹೋಗಿವೆ. ‘ಕುಪಾಲಾ’ ಎಂಬ ಪ್ರಾಚೀನ ದೇವರಿದ್ದ ಅನ್ನುವುದು 17ನೇ ಶತಮಾನದ ಬರವಣಿಗೆಯಿಂದ ಹಬ್ಬಿದ ಮಾತು. ಹುಡುಗಿಯರು ಹೂವಿನ ದಂಡೆ ಹೆಣೆದು ನದಿಗೆ ಬಿಡುತ್ತಾರೆ. ಜೋಡಿಗಳು ಕೈಹಿಡಿದು ಬೆಂಕಿ ಹಾರುತ್ತಾರೆ, ಕೈ ಬಿಡದಿದ್ದರೆ ಜೊತೆ ಉಳಿಯುತ್ತದಂತೆ. ನಡುರಾತ್ರಿ ಕಾಡಿನಲ್ಲಿ ಜರೀಗಿಡದ ಹೂವು ಹುಡುಕುತ್ತಾರೆ. ಜರೀಗಿಡ ಹೂ ಬಿಡುವುದಿಲ್ಲ, ಅದಕ್ಕಿರುವುದು ಎಲೆಯ ಅಡಿಯ ಬೀಜಾಣು. ಅದು ಎಲ್ಲರಿಗೂ ಗೊತ್ತು. ಆದರೂ ಕಾಡಿಗೆ ಹೋಗುತ್ತಾರೆ, ಯಾಕೆ ಅಂತ ಹರೆಯದವರನ್ನು ಕೇಳಬೇಕಾಗಿಲ್ಲ!

ಟೂರಿಸ್ಟರಿಗೆ ಕಟ್ಟಿದ್ದು ಇಲ್ಲವೇ? ಇದೆ. ಶ್ಕ್ಲೋವ್ ಹತ್ತಿರದ ಅಲೆಕ್ಸಾಂದ್ರಿಯಾದಲ್ಲಿ 2010ರಿಂದ ಸರ್ಕಾರವೇ ಮೈಕು, ವೇದಿಕೆ, ಲೈಟು ಹಾಕಿ ಕುಪಾಲ್ಯೆ ಮಾಡುತ್ತದೆ. ಅದಕ್ಕಿಂತ ಅಜ್ಜಿಯ ನೆಂಟರ ಹಳ್ಳಿ ಒಳ್ಳೆಯದು. ಅಪಾಯದ ವಿಷಯ ಮುಚ್ಚಿಡುವುದಿಲ್ಲ: ಕುಡಿತ, ಕತ್ತಲು, ನದಿ ಮೂರೂ ಒಟ್ಟಿಗೆ ಇರುತ್ತವೆ. ನೈಲಾನ್ ಲಂಗ ಬೇಡ, ಹತ್ತಿಯೋ ಲಿನನ್ನೋ ಇರಲಿ. ಬೆಂಕಿ ಎತ್ತರ ಇಳಿದು ಕೆಂಡವಾದ ಮೇಲೆ ಹಾರಲಿ, ರಾತ್ರಿ ನೀರಿಗಿಳಿಯುವುದು ಬೇಡ. ಡಿಸೆಂಬರ್-ಜನವರಿಯ ಕಲ್ಯಾದಿ ಹಬ್ಬವೂ ತಪ್ಪದಿರಲಿ. ಸೆಮೇಜವಾ ಹಳ್ಳಿಯ ‘ಕಲ್ಯಾದಿ ತ್ಸಾರ್‌’ಗಳು, ಅಂದರೆ ಕಲ್ಯಾದಿ ರಾಜರು, 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿದರು. ಬಿಳಿ ಅಂಗಿ, ಎದೆ ಮೇಲೆ ಅಡ್ಡಡ್ಡ ಕೆಂಪು ಪಟ್ಟಿ, ಎತ್ತರದ ಟೋಪಿ ಹಾಕಿ ಮನೆಮನೆಗೆ ಹೋಗಿ ಆಡುತ್ತಾರೆ. ಅದರ ಮೂಲ? 18ನೇ ಶತಮಾನದಲ್ಲಿ ಊರ ಪಕ್ಕ ಬೀಡುಬಿಟ್ಟ ಸೈನಿಕರು ಹೊಸವರ್ಷಕ್ಕೆ ಮನೆಮನೆಗೆ ಬಂದದ್ದಂತೆ. ಸಿಪಾಯಿಗಳ ಆಟ ಊರಿನ ವ್ರತವಾಯಿತು.

ಅನುವಾದದ ಆಸೆಗೆ ನನ್ನ ಸಲಹೆ ಕೇಳಿ. ರಷ್ಯನ್‌ನಿಂದಲೇ ಮಾಡುವುದು ಒಂದು ದಾರಿ. ಬೇಗ ಆಗುತ್ತದೆ, ಪುಸ್ತಕ ಸುಲಭವಾಗಿ ಸಿಗುತ್ತವೆ. ಸ್ವೆತ್ಲಾನಾ ಅಲೆಕ್ಸಿಯೇವಿಚ್ ಬರೆಯುವುದೇ ರಷ್ಯನ್‌ನಲ್ಲಿ, 2015ರ ನೊಬೆಲ್ ಅವರಿಗೇ ಬಂದದ್ದು. ಅಂಥವರಿಗೆ ಮಗಳ ರಷ್ಯನ್ ಸಾಕು. ಆದರೆ ಬೆಲರೂಸಿ ಕವನವನ್ನು ರಷ್ಯನ್ ಅನುವಾದದಿಂದ ತಂದರೆ ಸಿಪ್ಪೆ ಬರುತ್ತದೆ, ರಸ ಬರುವುದಿಲ್ಲ. ಎರಡನೇ ದಾರಿ, ‘ರಷ್ಯನ್ ಗೊತ್ತಲ್ಲ’ ಅಂತ ಬೆಲರೂಸಿ ಪುಸ್ತಕವನ್ನು ನೇರ ಓದುವುದು. ಇದು ಎಲ್ಲಕ್ಕಿಂತ ಅಪಾಯ, ನಾನು ಬಿದ್ದ ಗುಂಡಿ. ‘ನ್ಯದ್ಜೇಲ್ಯಾ’ ರಷ್ಯನ್‌ನಲ್ಲಿ ವಾರ, ಇಲ್ಲಿ ಭಾನುವಾರ. ‘ಚಾಸ್’ ಅಲ್ಲಿ ಗಂಟೆ, ಇಲ್ಲಿ ಕಾಲ. ‘ದಿವಾನ್’ ಅಲ್ಲಿ ಸೋಫಾ, ಇಲ್ಲಿ ಜಮಖಾನೆ. ಎಂಬತ್ತು ಭಾಗ ಅರ್ಥವಾಗುತ್ತದೆ ಅನ್ನುವ ಧೈರ್ಯವೇ ಉಳಿದ ಇಪ್ಪತ್ತನ್ನು ಕೆಡಿಸುತ್ತದೆ. ಮೂರನೆಯದು, ಒಂದು ವರ್ಷ ಕೂತು ಬೆಲರೂಸಿ ಕಲಿಯುವುದು. ರಷ್ಯನ್ ಬಂದವರಿಗೆ ಅಷ್ಟು ಸಾಕು. ನಾನು ಇದನ್ನೇ ಹೇಳುವುದು. ಓದಿನ ಒತ್ತಡದಲ್ಲಿ ಆಗದಿದ್ದರೆ ಕಾಯಲಿ, ಕವನ ಎಲ್ಲೂ ಓಡಿಹೋಗುವುದಿಲ್ಲ.

ಶುರು ಮಾಡಲು ಮಕ್ಸೀಮ್ ಬಹ್ದಾನೋವಿಚ್ ಸರಿ. ಹುಟ್ಟಿದ್ದು 1891ರಲ್ಲಿ ಮಿನ್ಸ್ಕ್‌ನಲ್ಲಿ, ಬೆಳೆದದ್ದು ರಷ್ಯಾದ ಊರುಗಳಲ್ಲಿ. ಬೆಲರೂಸಿಯನ್ನು ಹೆಚ್ಚಾಗಿ ಪುಸ್ತಕದಿಂದಲೇ ಕಲಿತ. ನಿಮ್ಮ ಮಗಳ ಹಾಗೆ ಹೊರಗಿನಿಂದ ಒಳಗೆ ಬಂದವನು. ಬದುಕಿದ್ದಾಗ ಬಂದದ್ದು ಒಂದೇ ಕವನ ಸಂಕಲನ, 1913ರಲ್ಲಿ. 1917ರಲ್ಲಿ ಯಾಲ್ತಾದಲ್ಲಿ ಕ್ಷಯದಿಂದ ತೀರಿಕೊಂಡಾಗ ಇಪ್ಪತ್ತೈದು ವರ್ಷ. ಅವನ ‘ಸ್ಲುತ್ಸ್ಕ್ ನೇಕಾರ್ತಿಯರು’ ಕವನವನ್ನು ಅಲ್ಲಿ ಶಾಲೆಮಕ್ಕಳೂ ಬಲ್ಲರು. ಹಳ್ಳಿಯಿಂದ ಯಜಮಾನನ ಮನೆಗೆ ಹಿಡಿದು ತಂದ ಹೆಣ್ಣುಮಕ್ಕಳು ಚಿನ್ನದ ನಡುಪಟ್ಟಿ ನೇಯುತ್ತಿದ್ದಾರೆ. ಕಿಟಕಿಯಾಚೆ ವಸಂತ, ರೈ ಹೊಲ, ನಡುವೆ ನೀಲಿ ಹೂವು. ಮೈಮರೆತ ಕೈ, ಪರ್ಷಿಯನ್ ವಿನ್ಯಾಸ ಬಿಟ್ಟು, ಊರಿನ ಆ ನೀಲಿ ಹೂವನ್ನೇ ನೇಯ್ದುಬಿಡುತ್ತದೆ. ಹೂವಿನ ಹೆಸರು ‘ವಸಿಲ್ಯೋಕ್’, ಕವನದ ಕೊನೆಯ ಮಾತೂ ಅದೇ. ಕನ್ನಡದಲ್ಲಿ ಆ ಹೂವಿಗೆ ಹೆಸರಿಲ್ಲ. ‘ನೀಲಿ ಹೂ’ ಅಂದರೆ ಬಡವಾಗುತ್ತದೆ. ನಾನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಿಮ್ಮ ಮಗಳು ನೋಡಲಿ.

ಇನ್ನೊಂದು ಸ್ವಾರಸ್ಯ. ಸ್ಲುತ್ಸ್ಕ್‌ನ ಆ ಕಾರ್ಖಾನೆ 18ನೇ ಶತಮಾನದಲ್ಲಿ ರಾದ್ಜಿವಿಲ್ ಎಂಬ ಜಮೀನ್ದಾರ ಮನೆತನದ್ದು. ಕಸುಬು ಕಲಿಸಿದ್ದು ತುರ್ಕಿ ಕಡೆಯಿಂದ ಬಂದ ಅರ್ಮೇನಿಯನ್ ಕುಶಲಿ. ಮಗ್ಗದಲ್ಲಿ ಕೂತವರು ಗಂಡಸರು! ಹೆಂಗಸರ ಕೈ ತಾಗಿದರೆ ಜರಿ ಮಂಕಾಗುತ್ತದೆ ಎಂಬ ನಂಬಿಕೆ ಇತ್ತಂತೆ. ಕವಿಗೆ ಇತಿಹಾಸ ತಪ್ಪಿತು, ಕವನ ತಪ್ಪಲಿಲ್ಲ.

ಕತೆಗಳಿಗೆ ಅಲ್ಯಕ್ಸಾಂದ್ರ್ ಸೆರ್ಜ್‌ಪುತೋವ್‌ಸ್ಕಿ ಪೊಲೇಸ್ಯೆಯ ಜೌಗು ನಾಡಿನಲ್ಲಿ ಜನರ ಮಾತಿನಲ್ಲೇ ಬರೆದುಕೊಂಡು 1911ರಲ್ಲಿ ಅಚ್ಚು ಮಾಡಿಸಿದ ಸಂಗ್ರಹ ಇದೆ. ಅದಕ್ಕೂ, ಬಹ್ದಾನೋವಿಚ್, ಕುಪಾಲಾ, ಕೋಲಾಸ್‌ಗೂ ಹಕ್ಕುಸ್ವಾಮ್ಯದ ತೊಂದರೆ ಇಲ್ಲ. 20ನೇ ಶತಮಾನದ ಕಾದಂಬರಿಕಾರರಾದ ವಸೀಲ್ ಬೀಕವ್, ಉಲಾದ್ಜೀಮಿರ್ ಕರತ್ಕೇವಿಚ್ ಬೇಕೆಂದರೆ ವಾರಸುದಾರರ ಅನುಮತಿ ಬೇಕು, ಮೊದಲೇ ಕೇಳಿ. ಮಗಳಿಗೆ ಬೇಸರ ಬಂದಾಗ ಪೋಲತ್ಸ್ಕ್‌ನ ಫ್ರಾಂತ್ಸಿಸ್ಕ್ ಸ್ಕರೀನಾನ ಕತೆ ಹೇಳಿ. 1512ರಲ್ಲಿ ಇಟಲಿಯ ಪಾದುವಾದಲ್ಲಿ ವೈದ್ಯ ಪರೀಕ್ಷೆ ಪಾಸಾಗಿ ಡಾಕ್ಟರ್ ಆದವನು, 1517ರಲ್ಲಿ ಪ್ರಾಗ್‌ನಲ್ಲಿ ಅಚ್ಚುಮೊಳೆ ಹಿಡಿದು ತನ್ನ ಜನಕ್ಕಾಗಿ ಬೈಬಲ್ಲಿನ ಭಾಗಗಳನ್ನು ಮುದ್ರಿಸಿದ.

ಒಂದು ವಿಷಯದಲ್ಲಿ ಮಾತ್ರ ಖಡಾಖಂಡಿತ ಹೇಳುತ್ತೇನೆ. 2020ರ ಚುನಾವಣೆಯ ನಂತರದ ಪ್ರತಿಭಟನೆಗಳಿಂದ ಅಲ್ಲಿ ಸಂಸ್ಕೃತಿಯೂ ರಾಜಕೀಯವಾಗಿದೆ. ಬಿಳಿ-ಕೆಂಪು-ಬಿಳಿ ಬಾವುಟವನ್ನು 1991ರಿಂದ 1995ರವರೆಗೆ ದೇಶವೇ ಹಾರಿಸುತ್ತಿತ್ತು. ಇಂದು ಅದನ್ನು ತೋರಿಸಿದವರನ್ನು ಹಿಡಿಯುತ್ತಾರೆ. ‘ತೀವ್ರವಾದಿ ಸಾಮಗ್ರಿ’ ಎಂಬ ಸರ್ಕಾರಿ ಪಟ್ಟಿ ಇದೆ, ಅದರಲ್ಲಿ ಪುಸ್ತಕಗಳೂ ಇವೆ, ಫೋನಿನ ಚಾನೆಲ್‌ಗಳೂ ಇವೆ. ಬೆಲರೂಸಿ ಓದುವುದು, ಆಡುವುದು, ರುಚ್ನೀಕ್ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ವಿದೇಶಿ ವಿದ್ಯಾರ್ಥಿ ಹಳೆ ಬಾವುಟದ ಸ್ಟಿಕರ್ ಅಂಟಿಸುವುದು, ಗೊತ್ತಿಲ್ಲದ ಚಾನೆಲ್ ಸೇರುವುದು, ಅಜ್ಜಿಯ ರಾಜಕೀಯ ಮಾತನ್ನು ರೆಕಾರ್ಡ್ ಮಾಡಿ ಹಾಕುವುದು ಇವು ಬೇಡವೇ ಬೇಡ. ಕೊನೆಯದರಲ್ಲಿ ಸಿಕ್ಕಿಬೀಳುವುದು ಮಗಳಿಗಿಂತ ಮೊದಲು ಅಜ್ಜಿ.

ಈಗ ಟವೆಲ್. ಮಷಿನ್‌ಗೆ ಹಾಕಬೇಡಿ. ಬ್ಲೀಚ್, ಬಿಸಿನೀರು ಎರಡೂ ಬೇಡ. ಮೊದಲು ಒದ್ದೆ ಮಾಡಿದ ಬಿಳಿ ಹತ್ತಿಯನ್ನು ಕೆಂಪು ದಾರದ ಮೇಲೆ ಹಿಂಬದಿಯಿಂದ ಒತ್ತಿ ನೋಡಿ, ಕಪ್ಪಿನ ಮೇಲೂ. ಹತ್ತಿಗೆ ಬಣ್ಣ ಹತ್ತಿದರೆ ನೀರೇ ಮುಟ್ಟಿಸಬೇಡಿ, ನೆರಳಲ್ಲಿ ಗಾಳಿಗೆ ಹಾಕಿ ಸಾಕು. ಹತ್ತದಿದ್ದರೆ ತಣ್ಣೀರಿನಲ್ಲಿ ಸೌಮ್ಯ ಸೋಪು, ಹಿಂಡದೆ, ಒಣ ಟವೆಲ್ಲಿನ ಮೇಲೆ ಚಪ್ಪಟೆಯಾಗಿ ಹಾಸಿ ಒಣಗಿಸಿ. ಮಡಿಚಿ ಇಡಬೇಡಿ, ಮಡಿಕೆಯಲ್ಲೇ ಲಿನನ್ ಹಳದಿಯಾಗುವುದು, ಮುರಿಯುವುದು. ಹಳೆ ಪಂಚೆ ಸುತ್ತಿದ ರಟ್ಟಿನ ಕೊಳವೆಗೆ ಸುರುಳಿ ಮಾಡಿ. ಮುಂದಿನ ಸಲ ಇಂಥದನ್ನೇ ಇನ್ನೊಂದು ತರುವುದಾದರೆ ಹೊರಡುವ ಮೊದಲು ಅಲ್ಲಿನ ಮ್ಯೂಸಿಯಂನಲ್ಲಿ ತೋರಿಸಲಿ, ಹಳೆ ವಸ್ತುವಾದರೆ ಗಡಿಯಲ್ಲಿ ಕಾಗದ ಕೇಳಬಹುದು. ಮತ್ತೆ ಅಜ್ಜಿಯನ್ನು ಕೇಳಿ, ಇದನ್ನು ಹೊಲಿದವರು ಯಾರು, ಯಾವ ಮದುವೆಗೆ ಅಂತ. ಅವರು ಹೇಳಿದ್ದನ್ನು ಅವರದೇ ಬೆರಕೆ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆದು ಆ ಸುರುಳಿಯ ಜೊತೆ ಇಡಲಿ.